ಬೆಳ್ಳಿತೆರೆ ಬಿಡಿ, ಕಿಟಕಿ ತೆರೆ ನೋಡಿ!

ಓದುಗ ದೊರೆಗಳೇ, ಈ ವಾರ ಈ ಅಂಕಣದಲ್ಲಿ ಯಾವ ನಾಯಕಿಯ ಮದುವೆ ಸುದ್ದಿಯೂ ಇಲ್ಲ, ಯಾವ ನಾಯಕನ ಕಾಲ್‌ಷೀಟ್ ಜಗಳವೂ ಇಲ್ಲ. ಪುಟ ತಿರುವಿ ಹಾಕ್ಬೇಡಿ, ಸ್ವಲ್ಪ ತಾಳಿ! ಇವತ್ತಿನ ಮಾತು ಪರದೆ ಬಗ್ಗೆ. ಬೆಳಕು ಬಿದ್ರೆ ಬದುಕೋದು ಬೆಳ್ಳಿಪರದೆ. ಬೆಳಕನ್ನೇ ಒಳಗೆ ಬಿಡದೆ ಬಾಗಿಲು ಕಾಯೋದು ಕಿಟಕಿ ಪರದೆ. ಮೊದಲನೆಯದಕ್ಕೆ ಶಿಳ್ಳೆ, ಚಪ್ಪಾಳೆ, ಹೂವಿನ ಸುರಿಮಳೆ. ಎರಡನೆಯದಕ್ಕೆ ಧೂಳು. ಆದ್ರೆ ಎರಡನೆಯದು ಇಲ್ದೆ ಮೊದಲನೆಯದು ನಡೆಯೋದೇ ಇಲ್ಲ ಅನ್ನೋದನ್ನ ಮ್ಯಾಟಿನಿ ನೋಡಿದ ಯಾರೂ ಮರೆಯೋ ಹಾಗಿಲ್ಲ.

ಟೆಂಟ್ ಟಾಕೀಸಿನಲ್ಲಿ ಸೂರ್ಯ ಮುಳುಗೋ ತನಕ ಆಟ ಶುರುವಾಗ್ತಿರಲಿಲ್ಲ ಯಾಕೆ? ಡೇರೆ ಬಟ್ಟೆ ಬೆಳಕು ತಡೀತಿರಲಿಲ್ಲ, ಅಷ್ಟೇ. ಕತ್ತಲಾದ ಮೇಲೆ ಫಸ್ಟ್ ಶೋ, ಊಟದ ಮೇಲೆ ಸೆಕೆಂಡ್ ಶೋ, ಮುಗೀತು. ಗೋಡೆ ಕಟ್ಟಿದ ಥಿಯೇಟರಿಗೆ ಮಾತ್ರ ಮಾರ್ನಿಂಗ್ ಶೋ, ಮ್ಯಾಟಿನಿ ಭಾಗ್ಯ. ಅಲ್ಲೂ ಬಾಗಿಲಿಗೆ ದಪ್ಪ ಪರದೆ. ತಡವಾಗಿ ಬಂದ ಮಹಾಶಯ ಅದನ್ನ ಎತ್ತಿ ಹಿಡ್ಕೊಂಡು ಸೀಟು ಹುಡುಕ್ತಾ ನಿಂತ್ರೆ, ಇಡೀ ಗಾಂಧಿ ಕ್ಲಾಸು ಒಂದೇ ದನಿಯಲ್ಲಿ 'ಲೇಯ್, ಪರದೆ ಬಿಡೋ!' ಅಂತ ಕೂಗ್ತಿತ್ತು. ಒಂದು ಅಡಿ ಸಂದಿಯಿಂದ ಬಂದ ಬೆಳಕು ನಾಯಕನ ಮುಖವನ್ನೇ ಅಳಿಸಿ ಹಾಕ್ತಿತ್ತು. ಈ 'ಸಂದಿ' ಅನ್ನೋ ಪದ ನೆನಪಿರಲಿ, ಮುಂದೆ ಬರುತ್ತೆ.

ಈಗ ವಿಷಯಕ್ಕೆ ಬರೋಣ. ನಮ್ಮ ಭಾವ, ಅಂದ್ರೆ ಅಕ್ಕನ ಯಜಮಾನರು, ರಾತ್ರಿ ಬಸ್ಸಿನ ಡ್ರೈವರು. ಬೆಂಗಳೂರಿನಿಂದ ಸಾಗರಕ್ಕೆ ಒಂದು ರಾತ್ರಿ, ಸಾಗರದಿಂದ ಬೆಂಗಳೂರಿಗೆ ಇನ್ನೊಂದು ರಾತ್ರಿ. ಒಂದು ದಿನ ಬಿಟ್ಟು ಒಂದು ದಿನ ಬೆಳಗ್ಗೆ ಮನೆಗೆ ಬಂದು, ಎರಡು ಇಡ್ಲಿ ತಿಂದು ಮಲಗಿದ್ರೆ ಮಧ್ಯಾಹ್ನ ಮೂರಕ್ಕೆ ಏಳಬೇಕು. ಏಳಬೇಕು ಅಂದೆ, ನಿದ್ದೆ ಬಂದಿದ್ರೆ ತಾನೇ ಏಳೋದು! ಅವರು ಹೊಸದಾಗಿ ಬಾಡಿಗೆಗೆ ಬಂದ ಮಹಡಿ ಮನೆಯ ಮಾಲೀಕರಿಗೆ ಗಾಳಿ ಬೆಳಕಿನ ಮೇಲೆ ಅಪಾರ ಪ್ರೀತಿ. ಮಲಗೋ ಕೋಣೆಯ ಪೂರ್ವದ ಗೋಡೆಗೆ 10 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಗಾಜಿನ ಕಿಟಕಿ. ಹೆಚ್ಚುಕಡಿಮೆ ಸಿನಿಮಾಸ್ಕೋಪ್! 1977ರಲ್ಲಿ ಕನ್ನಡಕ್ಕೆ ಮೊದಲ ಸಿನಿಮಾಸ್ಕೋಪ್ ತಂದಿದ್ದು 'ಸೊಸೆ ತಂದ ಸೌಭಾಗ್ಯ'. ಇದು ಮನೆ ಮಾಲೀಕರು ತಂದ ಸೌಭಾಗ್ಯ. ಬೆಳಗ್ಗೆ ಏಳರಿಂದ ಸೂರ್ಯನಾರಾಯಣ ನೇರವಾಗಿ ಭಾವನ ಮುಖಕ್ಕೇ ಕ್ಲೋಸಪ್ ಲೈಟ್ ಹೊಡೀತಾನೆ.

ಅಕ್ಕ ಸೀರೆ ಕಟ್ಟಿ ನೋಡಿದ್ಳು. ಭಾವ ಕಣ್ಣಿಗೆ ಟವೆಲ್ ಕಟ್ಕೊಂಡು ನೋಡಿದ್ರು. ಆಮೇಲೊಂದು ದಿನ ಭಾವ ನನ್ನ ಹತ್ರ ಮೆಲ್ಲಗೆ ಹೇಳಿದ್ರು: "ತಿಪಟೂರು ದಾಟಿದ ಮೇಲೆ ಒಂದ್ ಕ್ಷಣ ರೋಡೇ ಕಾಣ್ಲಿಲ್ಲ ಕಣಯ್ಯ. ಕಣ್ಣು ತೆರೆದೇ ಇತ್ತು. ಗಾಡಿ ನಿಲ್ಸಿ ಮುಖ ತೊಳ್ಕೊಂಡೆ. ಅಕ್ಕನಿಗೆ ಹೇಳ್ಬೇಡ."

ನೀವು ಈ ಪತ್ರಿಕೆಯನ್ನ ಬಸ್ ಸ್ಟ್ಯಾಂಡಿನಲ್ಲಿ ಕೊಂಡಿದ್ದೀರಿ. ಬಹುಶಃ ಕಿಟಕಿ ಪಕ್ಕದ ಸೀಟಲ್ಲಿ ಕೂತು ಓದ್ತಿದ್ದೀರಿ. ಮುಂದೆ ಸ್ಟಿಯರಿಂಗ್ ಹಿಡಿದ ಆ ಮನುಷ್ಯ ಇವತ್ತು ಹಗಲು ಎಷ್ಟು ಗಂಟೆ ಮಲಗಿದ್ದ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ನಾನೂ ಆ ದಿನದವರೆಗೆ ಯೋಚಿಸಿರಲಿಲ್ಲ ಅನ್ನಿ. ಕಣ್ಣಿಗೆ ಬೆಳಕು ಬಿದ್ರೆ ಮಿದುಳು 'ಇದು ಹಗಲು' ಅಂತಲೇ ಲೆಕ್ಕ ಹಾಕುತ್ತೆ. ನಿದ್ದೆ ತರೋ ಮೆಲಟೋನಿನ್ ಅನ್ನೋ ರಸ ಇಳಿದು ಹೋಗುತ್ತೆ. ಹಗಲು ಮಲಗೋನಿಗೆ ಕತ್ತಲೆ ಅಂದ್ರೆ ಶೋಕಿ ಅಲ್ಲ ಸ್ವಾಮೀ, ಅದು ಬ್ರೇಕ್ ಇದ್ದ ಹಾಗೆ.

"ನೀನು ಸಿನಿಮಾದೋನು, ಕತ್ತಲೆ ಮಾಡೋದು ನಿಂಗೆ ಗೊತ್ತಿರ್ಬೇಕು ಕಣೋ" ಅಂತ ಅಕ್ಕ ನನ್ನನ್ನೇ ಅಂಗಡಿಗೆ ಓಡಿಸಿದಳು. ಹೋದೆ.

ಅಂಗಡಿಯವರು ಥಾನು ಬಿಚ್ಚಿ ಗುಡ್ಡೆ ಹಾಕಿ, "ಸಾರ್, ಇದು ಹಂಡ್ರೆಡ್ ಪರ್ಸೆಂಟ್ ಬ್ಲ್ಯಾಕೌಟ್, ಹೀಟ್ ಪ್ರೂಫ್, ಸೌಂಡ್ ಪ್ರೂಫ್" ಅಂದ್ರು. ಬುಲೆಟ್ ಪ್ರೂಫ್ ಇಲ್ವಾ ಅಂತ ಕೇಳಿದೆ. ನಕ್ಕರು. ಜೇಬಿನಿಂದ ಮೊಬೈಲ್ ತೆಗೆದು, ಟಾರ್ಚ್ ಹಾಕಿ ಬಟ್ಟೆ ಹಿಂದೆ ಹಿಡಿದೆ. ಇದಕ್ಕಿಂತ ದೊಡ್ಡ ಪರೀಕ್ಷೆ ಬೇಡ, ನೀವೂ ಹೀಗೇ ಮಾಡಿ. ಬ್ಲ್ಯಾಕೌಟ್ ಅಂತ ಮಾರೋದ್ರಲ್ಲಿ ಎರಡು ಜಾತಿ ಇದೆ. ಒಂದು, ನೇಯ್ಗೆಯ ಒಳಗೇ ಕಪ್ಪು ನೂಲು ಸೇರಿಸಿದ್ದು. ಕೈಗೆ ಮೆತ್ತಗೆ, ನೋಡೋಕೆ ಚೆನ್ನ, ಒಗೆಯೋಕೆ ಸುಲಭ. ಬೆಳಕನ್ನ ಬಹುಪಾಲು ತಡೆಯುತ್ತೆ, ಪೂರ್ತಿ ಅಲ್ಲ. ಟಾರ್ಚ್ ಹಿಡಿದ್ರೆ ಮೋಡದ ಹಿಂದಿನ ಚಂದ್ರನ ಥರ ಮಂಕಾಗಿ ಕಾಣುತ್ತೆ. ಇನ್ನೊಂದು, ಬಟ್ಟೆಯ ಹಿಂಬದಿಗೆ ಲೇಪ ಬಳಿದದ್ದು. ಬಿಳಿ, ಕಪ್ಪು, ಮತ್ತೆ ಬಿಳಿ ಅಂತ ಮೂರು ಸಲ ಬಳಿದದ್ದಕ್ಕೆ ತ್ರೀ ಪಾಸ್ ಅಂತಾರೆ. ನಡುವಿನ ಕಪ್ಪು ಬೆಳಕನ್ನ ನುಂಗುತ್ತೆ, ಗಾಜಿನ ಕಡೆಗಿರೋ ಬಿಳಿ ಬಿಸಿಲನ್ನ ವಾಪಸು ಕಳಿಸುತ್ತೆ. ಟಾರ್ಚ್ ಹಿಡಿದ್ರೆ ಏನೂ ಕಾಣಲ್ಲ. ಭಾವನಿಗೆ ಬೇಕಿದ್ದುದು ಇದೇ.

'ಹೀಟ್ ಪ್ರೂಫ್' ಅನ್ನೋದನ್ನ ಸ್ವಲ್ಪ ತಿಳ್ಕೊಂಡು ನಂಬಬೇಕು. ಬಿಸಿಲು ಗಾಜು ದಾಟಿ ಒಳಗೆ ಬಂದು ಬಟ್ಟೆಗೆ ಬಡಿದು ಶಾಖ ಆಯ್ತು ಅಂದ್ರೆ, ಆ ಶಾಖ ಗಾಜಿನ ಮೂಲಕ ಸಲೀಸಾಗಿ ಆಚೆ ಹೋಗಲ್ಲ. ಅದಕ್ಕೇ ಹಿಂಬದಿ ಬಿಳಿಯೇ ಇರಬೇಕು ಅನ್ನೋದು. ಮಧ್ಯಮ ಬಣ್ಣದ ಬಟ್ಟೆಗೆ ಬಿಳಿ ಪ್ಲಾಸ್ಟಿಕ್ ಹಿಂಬದಿ ಇದ್ರೆ ಕಿಟಕಿಯಿಂದ ಬರೋ ಶಾಖ ಶೇ. 33ರಷ್ಟು ಕಡಿಮೆ ಆಗಬಹುದು ಅಂತ ಅಮೆರಿಕದ ಇಂಧನ ಇಲಾಖೆ ಹೇಳುತ್ತೆ. ಮೂರರಲ್ಲಿ ಒಂದು ಪಾಲು! ಕಡಿಮೆಯೇನಲ್ಲ, ಆದ್ರೆ 'ಪ್ರೂಫ್' ಅನ್ನೋ ಅಷ್ಟೂ ಅಲ್ಲ. ನಿಜವಾಗಿ ಬಿಸಿಲು ತಡೀಬೇಕಂದ್ರೆ ಗಾಜಿನ ಆಚೆಗೇ ತಡೀಬೇಕು. ಹೊರಗೆ ಬಿದಿರಿನ ತಟ್ಟಿ, ಇಲ್ಲಾ ನರ್ಸರಿಯವರು ಕಟ್ಟೋ ಹಸಿರು ನೆಟ್ಟು ಕಟ್ಟಿ. ಕಲಬುರಗಿ, ರಾಯಚೂರು ಕಡೆಯ ಮಿತ್ರರಿಗೆ ನನ್ನ ಮಾತು ಇಷ್ಟೇ: ಮೊದಲು ತಟ್ಟಿಗೆ ದುಡ್ಡು ಹಾಕಿ, ಉಳಿದ್ರೆ ಕರ್ಟನ್ನಿಗೆ.

ಸೌಂಡ್ ಪ್ರೂಫ್ ಅನ್ನೋದು ಮಾತ್ರ ಶುದ್ಧ ಡೈಲಾಗು. ದಪ್ಪ ಬಟ್ಟೆ ಕೋಣೆಯೊಳಗಿನ ಪ್ರತಿಧ್ವನಿಯನ್ನ ಹೀರುತ್ತೆ. ಹೊರಗಿನ ಹಾರ್ನು, ಕುಕ್ಕರ್ ವಿಷಲ್ಲು, ತರಕಾರಿ ಗಾಡಿಯ ಮೈಕು, ಇವನ್ನೆಲ್ಲ ತಡೆಯೋ ಯೋಗ್ಯತೆ ಅದಕ್ಕಿಲ್ಲ. ಬಟ್ಟೆಗೆ ಆ ಶಕ್ತಿ ಇದ್ದಿದ್ರೆ 1931ರಲ್ಲಿ ನಮ್ಮ ದೇಶದ ಮೊದಲ ಟಾಕಿ 'ಆಲಂ ಆರಾ' ತೆಗೆದ ಅರ್ದೇಶಿರ್ ಇರಾನಿ ಅವರು ನಿದ್ದೆಗೆಟ್ಟು ರಾತ್ರಿ ಹೊತ್ತು ಯಾಕೆ ಶೂಟಿಂಗ್ ಮಾಡ್ತಿದ್ರು? ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ. ರೈಲು ನಿಲ್ಲೋ ತನಕ ಕಾದು, ಆಮೇಲೆ ಮಾತು ರೆಕಾರ್ಡ್ ಮಾಡ್ತಿದ್ರು. ಶಬ್ದ ತಡೆಯೋಕೆ ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಬೇಕು, ಚೌಕಟ್ಟಿನ ಬಿರುಕಿಗೆ ರಬ್ಬರ್ ಪಟ್ಟಿ ಒತ್ತಬೇಕು.

ಇನ್ನು ಲೆಕ್ಕ. ಎಂಥ ಒಳ್ಳೆ ಬಟ್ಟೆ ತಂದ್ರೂ ಪ್ರಯೋಜನ ಆಗದೆ ಇರೋದು ಇಲ್ಲೇ. ಹತ್ತು ಅಡಿ ಕಿಟಕಿಗೆ ಹತ್ತು ಅಡಿ ಬಟ್ಟೆ ತಂದು ನೇತು ಹಾಕೋರು ಬಹಳ. ರಾಡು ಎರಡೂ ಕಡೆ ಅರ್ಧ ಅಡಿ ಮುಂದೆ ಹೋಗಬೇಕು, ಅಂದ್ರೆ 11 ಅಡಿ. ನೆರಿಗೆ ಬೀಳಬೇಕಾದ್ರೆ ಅದರ ಎರಡರಷ್ಟು, 22 ಅಡಿ. ಬಟ್ಟೆಯ ಪನ್ನ 54 ಇಂಚು, ಅಂದ್ರೆ ನಾಲ್ಕೂವರೆ ಅಡಿ. ಐದು ಪನ್ನ ಜೋಡಿಸಬೇಕು. ಕಿಟಕಿ ತಲೆಯಿಂದ ಎಂಟು ಇಂಚು ಮೇಲೆ ರಾಡು, ಅಲ್ಲಿಂದ ನೆಲದ ತನಕ ಉದ್ದ, ಮಡಿಕೆಗೆ ಒಂದು ಅಡಿ ಸೇರಿಸಿದ್ರೆ ಒಂದೊಂದು ಪನ್ನಕ್ಕೆ 2.6 ಮೀಟರು. ಒಟ್ಟು 13 ಮೀಟರು. ಚದರ ಮೀಟರಿಗೆ 300 ಗ್ರಾಂ ತೂಗೋ ಬಟ್ಟೆ ಆದ್ರೆ ಎಲ್ಲ ಸೇರಿ ಐದು ಕಿಲೋ ಮೀರುತ್ತೆ! ಎರಡು ತುದಿಗೆ ಎರಡು ಮೊಳೆ ಹೊಡೆದು ಐದು ಕಿಲೋ ತೂಗು ಹಾಕಿದ್ರೆ ರಾಡು ಬಿಲ್ಲಿನ ಹಾಗೆ ಬಾಗುತ್ತೆ. ಗೋಡೆಗೆ ಡ್ರಿಲ್ ಹಾಕಿ, ಪ್ಲಗ್ ಕೂರಿಸಿ, ನಡುವೆ ಎರಡು ಬ್ರಾಕೆಟ್ ಕೊಡಿಸಲೇಬೇಕು. ಡ್ರಿಲ್ ಅಂದ ತಕ್ಷಣ ಬಾಡಿಗೆ ಮನೆ ಮಾಲೀಕರ ಮುಖ ವಿಲನ್ ಮುಖ ಆಗುತ್ತೆ. ಭಾವ ಹೋಗಿ, "ಸಾರ್, ರಾತ್ರಿ ಬಸ್ ಓಡಿಸ್ತೀನಿ, ಹಗಲು ನಿದ್ದೆ ಬೇಕು" ಅಂತ ಹೇಳಿದ್ದಕ್ಕೆ ಅವರು ಒಂದು ಮಾತೂ ಆಡದೆ ತಾವೇ ಡ್ರಿಲ್ ಮಿಷನ್ ತಂದುಕೊಟ್ರು. ಅವರ ತವರೂರೂ ಸಾಗರದ ಕಡೆಯಂತೆ. ಅದೇ ಬಸ್ಸಲ್ಲೇ ಓಡಾಡೋದಂತೆ!

ಈಗ ಆ ಸಂದಿಯ ಮಾತು. ಮೈಸೂರಲ್ಲಿ ಹುಟ್ಟಿದ ನಮ್ಮ ವಿ.ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ದೊಡ್ಡ ದೊಡ್ಡ ಕನ್ನಡಿ ಹಿಡಿಸಿ, ಹೊರಗಿನ ಬಿಸಿಲನ್ನ ಕತ್ತಲೆ ಸ್ಟುಡಿಯೋದೊಳಕ್ಕೆ ಒಂದು ಕೋಲಿನ ಹಾಗೆ ಇಳಿಸಿದ್ರು. ಮಂದಿ ಇವತ್ತಿಗೂ ಬಾಯಿ ಬಿಟ್ಟು ನೋಡ್ತಾರೆ. ಅದೇ ಬೆಳಕಿನ ಕೋಲು ಕರ್ಟನ್ ಸಂದಿಯಿಂದ ಬಂದು ಮಲಗಿದೋನ ರೆಪ್ಪೆ ಮೇಲೆ ಬಿದ್ರೆ ಯಾವ ಕಲೆಯೂ ನೆನಪಾಗಲ್ಲ! ಕತ್ತಲೆ ಕೋಣೆಯಲ್ಲಿ ಒಂದು ಗೆರೆ ಬೆಳಕೂ ಹೊಳೆಯುತ್ತೆ. ಉಂಗುರದ ತೂತಿಗೆ ರಾಡು ತೂರಿಸೋ ಕರ್ಟನ್ ಈಗಿನ ಫ್ಯಾಷನ್ನು, ಆದ್ರೆ ಅದರ ತಲೆಯ ಮೇಲೆಲ್ಲ ಬೆಳಕು ಸೋರುತ್ತೆ. ಗೋಡೆಗೆ ಹತ್ತಿದ ಹಾಗೆ ಓಡೋ ಟ್ರ್ಯಾಕಿಗೆ ಕೊಕ್ಕೆ ಹಾಕೋದೇ ವಾಸಿ. ಎರಡೂ ಅಂಚನ್ನ ಗೋಡೆ ಕಡೆ ತಿರುಗಿಸಿ ವೆಲ್ಕ್ರೋ ಪಟ್ಟಿಯಿಂದ ಅಂಟಿಸಿಬಿಡಿ. ನಡುವೆ ಎರಡು ಪರದೆ ಕೂಡೋ ಕಡೆ ಒಂದರ ಮೇಲೊಂದು ಅರ್ಧ ಅಡಿ ಹತ್ತಲಿ. ಮೇಲೆ ಒಂದು ಮರದ ಪೆಲ್ಮೆಟ್ ಡಬ್ಬಿ. ಇದು ಬರೀ ಬೆಳಕಿಗಲ್ಲ. ಗಾಜು ಮತ್ತು ಪರದೆ ನಡುವೆ ಕಾದ ಗಾಳಿ ಹೊಗೆಗೂಡಿನ ಹಾಗೆ ಮೇಲೇರಿ ಕೋಣೆಗೆ ಸುರಿಯುತ್ತೆ. ತಲೆ ಮುಚ್ಚಿದ್ರೆ ಆ ಗಾಳಿ ಅಲ್ಲೇ ಬಂದಿ. ಟೈಲರ್ ಹತ್ರ ಇನ್ನೊಂದು ಮಾತು ಹೇಳಿ: ಲೇಪದ ಬಟ್ಟೆಗೆ ನಡುವೆ ಹೊಲಿಗೆ ಆದಷ್ಟೂ ಕಡಿಮೆ ಇರಲಿ. ಸೂಜಿ ತೂತಿನಿಂದೆಲ್ಲ ಬೆಳಕು ಚುಕ್ಕಿ ಚುಕ್ಕಿಯಾಗಿ ಕಾಣುತ್ತೆ. ಹಗಲಲ್ಲೇ ತಾರೆಯರು! ಈ ಪತ್ರಿಕೆಯ ಓದುಗರಿಗೆ ಅದು ಇಷ್ಟ ಆಗಬಹುದು, ಭಾವನಿಗೆ ಬೇಡ.

ಒಗೆಯೋದು? ಲೇಪಕ್ಕೆ ಬಿಸಿ ನೀರು, ಕಾದ ಇಸ್ತ್ರಿ ಎರಡೂ ವೈರಿ. ತಣ್ಣೀರಲ್ಲಿ ಅದ್ದಿ, ಹಿಂಡದೆ ನೆರಳಲ್ಲಿ ಹಾಕಿ. ನಾನಂತೂ ಲೇಪದ ಬಟ್ಟೆಯನ್ನ ಬರೀ ಲೈನಿಂಗ್ ಥರ ಹಿಂದೆ ಬೇರೆ ನೇತು ಹಾಕಿಸಿ, ಮುಂದೆ ಅಕ್ಕನ ಇಷ್ಟದ ಕೈಮಗ್ಗದ ಬಟ್ಟೆ ಹಾಕಿಸಿದೆ. ತೂಕ ಇನ್ನೂ ಏರಿತು, ಬ್ರಾಕೆಟ್ ಇನ್ನೊಂದು ಬಂತು, ಆದ್ರೆ ಕೊಳೆಯಾದ್ದನ್ನ ಮಾತ್ರ ಬಿಚ್ಚಿ ಒಗೀಬಹುದು. ಭಾವನ ತಾಯಿ ಚಳ್ಳಕೆರೆ ಕಡೆಯವರು. "ಇಷ್ಟೆಲ್ಲ ಯಾಕ್ರಪ್ಪಾ, ಎರಡು ಕುರಿ ಕಂಬಳಿ ಕಟ್ಟಿದ್ರೆ ಆಗ್ತಿರ್ಲಿಲ್ವಾ?" ಅಂದ್ರು. ತಮಾಷೆ ಅಲ್ಲ, ಆ ಅಜ್ಜಿ ಮಾತಲ್ಲಿ ವಿಜ್ಞಾನ ಇದೆ. ಉಣ್ಣೆ ಶಾಖ ತಡೆಯೋದ್ರಲ್ಲಿ ಗಟ್ಟಿಗ, ಪಾಲಿಯೆಸ್ಟರಿನ ಹಾಗೆ ಕರಗಿ ಉರಿಯೋದೂ ಇಲ್ಲ. ಡ್ರಿಲ್ಲಿಗೆ ಒಪ್ಪದ ಮಾಲೀಕರಿರೋ ಬ್ಯಾಚುಲರ್ ರೂಮಿಗೆ, ಕಿಟಕಿ ಸರಳಿಗೇ ಎರಡು ಪದರ ಕರಿ ಕಂಬಳಿ ಬಿಗಿದು ಕಟ್ಟೋದು ಒಳ್ಳೆ ಉಪಾಯ. ಮಳೆಗಾಲದ ವಾಸನೆ ಮಾತ್ರ ಸಹಿಸ್ಕೋಬೇಕು. ಯಾವ ಪರದೆ ಆದ್ರೂ ಅದರ ಬುಡದಲ್ಲಿ ಸೊಳ್ಳೆ ಬತ್ತಿ ಹಚ್ಚಿಡಬೇಡಿ. ಸಂಜೆ ತಂಪಾದ ಮೇಲೆ ಪರದೆ ಸರಿಸಿ ಕಿಟಕಿ ತೆರೆಯಿರಿ, ಇಲ್ಲದಿದ್ರೆ ಹಗಲಿನ ಬಿಸಿ ಒಳಗೇ ಕೂತಿರುತ್ತೆ. ಮಡಿಕೇರಿಯಂಥ ಚಳಿ ಊರಲ್ಲಿ ಬೆಳಗ್ಗೆ ಗಾಜಿನ ಮೇಲೆ ನೀರು ಕೂತಿದ್ರೆ ಒರೆಸಿ, ಬಟ್ಟೆಗೆ ಬೂಷ್ಟು ಹಿಡಿಯುತ್ತೆ.

ಮೊದಲ ದಿನ ಏನಾಯ್ತು ಅಂತ ಕೇಳ್ತೀರಾ? ಭಾವ ಮಧ್ಯಾಹ್ನ ಮೂರಕ್ಕೆ ಏಳಲಿಲ್ಲ. ನಾಲ್ಕಕ್ಕೂ ಏಳಲಿಲ್ಲ. ಅಕ್ಕ ಗಾಬರಿಯಾಗಿ ಬಾಗಿಲು ತಟ್ಟಿದ್ಳು. "ಇನ್ನೂ ಬೆಳಗಾಗಿಲ್ವಲ್ಲೇ!" ಅಂತ ಒಳಗಿಂದ ದನಿ ಬಂತು.

ಕೊನೆಗೆ, ದಾವಣಗೆರೆಯ ಮಿತ್ರರೊಬ್ಬರು ಮನೆಯಲ್ಲೇ ಪ್ರೊಜೆಕ್ಟರ್ ಇಟ್ಟಿದ್ದಾರಂತೆ. ಹಗಲು ಸಿನಿಮಾ ನೋಡೋಕೆ ಯಾವ ಬಣ್ಣದ ಕರ್ಟನ್ ಅಂತ ಕೇಳಿ ಪತ್ರ ಬರೆದಿದ್ದಾರೆ. ಕಿಟಕಿ ಕಡೆ ಬಿಳಿ ಲೇಪ, ಕೋಣೆ ಕಡೆ ಗಾಢ ಮೆರೂನ್ ಅಥವಾ ಕಪ್ಪು, ಹೊಳಪು ಇಲ್ಲದ್ದು. ಹೊಳೆಯೋ ಸ್ಯಾಟಿನ್ ಬೇಡ, ತೆರೆಯ ಬೆಳಕು ಅದಕ್ಕೆ ಬಡಿದು ವಾಪಸು ತೆರೆಗೇ ಬೀಳುತ್ತೆ, ಚಿತ್ರ ಮಂಕಾಗುತ್ತೆ. ಬಾಗಿಲ ಕೆಳಗಿನ ಸಂದಿಗೆ ಹಳೇ ಲುಂಗಿ ಸುತ್ತಿ ಇಟ್ಟುಬಿಡಿ. ತಡವಾಗಿ ಬಂದೋರಿಗೆ 'ಪರದೆ ಬಿಡೋ' ಅಂತ ಕೂಗೋ ಹಕ್ಕು ನಿಮ್ಮದೇ.