ಕಾರಣ ಬೇರೆ, ಕಳಂಕ ಬೇರೆ

ಇಂಗ್ಲಿಷಿನ 'ಆಟಿಸಂ' ಎಂಬ ಶಬ್ದಕ್ಕೆ ಕನ್ನಡದಲ್ಲಿ 'ಸ್ವಲೀನತೆ' ಎಂಬ ಪದವು ರೂಢಿಗೆ ಬಂದಿದೆ. ಗ್ರೀಕ್ ಭಾಷೆಯಲ್ಲಿ 'ಆಟೋಸ್' ಎಂದರೆ ತಾನು. ತನ್ನಲ್ಲಿಯೇ ತಾನು ಲೀನವಾಗಿರುವುದೆಂಬ ಅರ್ಥದಲ್ಲಿ ಈ ಪದವು ಟಂಕಿತವಾಗಿದೆ. ವ್ಯುತ್ಪತ್ತಿಯೇನೋ ನಿರ್ದುಷ್ಟವಾಗಿಯೇ ಇದೆ. ಆದರೆ ಆ ಮಗುವು ನಿಜವಾಗಿ ತನ್ನಲ್ಲಿ ಲೀನವಾಗಿದೆಯೋ, ಅಥವಾ ನಮ್ಮ ಮಾತಿನ ದಾರಿಯೇ ಅದಕ್ಕೆ ದುರ್ಗಮವಾಗಿದೆಯೋ ಎಂಬುದನ್ನು ಹೊರಗೆ ನಿಂತ ನಾವು ಪದವೊಂದರಿಂದ ನಿರ್ಣಯಿಸಲಾರೆವು. ಇಂತಹ ಸಂಪುಟದಲ್ಲಿ ವ್ಯಾಕರಣವನ್ನೋ ವಚನವಾಙ್ಮಯವನ್ನೋ ಕುರಿತು ಬರೆಯಬೇಕಾದ ಪಂಡಿತನು ಈ ವಿಷಯವನ್ನು ಎತ್ತಿಕೊಂಡುದೇಕೆಂದು ವಾಚಕರಿಗೆ ತೋರಬಹುದು. ಅದಕ್ಕೆ ಕಾರಣವುಂಟು.

ಬಹು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಬಾಲಕನಿದ್ದನು. 'ಕುಳಿತುಕೋ' ಎಂದರೆ ಅವನೂ 'ಕುಳಿತುಕೋ' ಎನ್ನುವನು. 'ಹೆಸರೇನು' ಎಂದರೆ 'ಹೆಸರೇನು' ಎನ್ನುವನು. ಗಂಟೆ ಬಾರಿಸಿದೊಡನೆ ಕಿವಿ ಮುಚ್ಚಿಕೊಂಡು ಬಾಗಿಲ ಮರೆಗೆ ಸರಿಯುವನು. ಆದರೆ ಒಮ್ಮೆ ಕೇಳಿದ ಷಟ್ಪದಿಯನ್ನು ಒಂದು ಮಾತ್ರೆಯೂ ತಪ್ಪದಂತೆ ಒಪ್ಪಿಸುವನು. ನಾನು ಅವನ ಮರುನುಡಿಯನ್ನು ಉದ್ಧಟತನವೆಂದು ಬಗೆದು ಬೆತ್ತವನ್ನು ಹಿಡಿದೆನು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ವರ್ಗಾವಣೆಯ ಪತ್ರವನ್ನು ಪಡೆಯಲು ಬಂದ ಅವನ ತಾಯಿ ನನ್ನನ್ನು ಕೇಳಿದುದು ಒಂದೇ ಮಾತು: "ನಾನು ಮಾಡಿದ ಯಾವ ತಪ್ಪಿಗೆ ಇವನು ಹೀಗೆ ಹುಟ್ಟಿದ, ಮೇಷ್ಟ್ರೇ?" ಅಂದು ನನ್ನಲ್ಲಿ ಉತ್ತರವಿರಲಿಲ್ಲ. ತಡವಾಗಿಯಾದರೂ ಅದನ್ನು ಹೇಳಬೇಕಾದ ಋಣ ನನ್ನ ಮೇಲಿದೆ.

ಆ ತಾಯಿಯ ಪ್ರಶ್ನೆಯನ್ನು ವೈದ್ಯಲೋಕವೂ ಒಂದು ಕಾಲದಲ್ಲಿ ತಪ್ಪಾಗಿಯೇ ಉತ್ತರಿಸಿತ್ತು. ಅಮೆರಿಕೆಯ ಬಾಲ್ಟಿಮೋರ್ ನಗರದ ಮನೋವೈದ್ಯ ಲಿಯೋ ಕ್ಯಾನರ್ ಅವರು ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಈ ಸ್ಥಿತಿಯನ್ನು ಪ್ರತ್ಯೇಕವಾಗಿ ಗುರುತಿಸಿದುದು 1943ರಲ್ಲಿ. ಇದು ಹುಟ್ಟಿನಿಂದಲೇ ಬಂದುದೆಂದು ಅವರು ಸೂಚಿಸಿದರೂ, ತಂದೆತಾಯಿಗಳಲ್ಲಿ ತಮಗೆ ಕಂಡ ವಾತ್ಸಲ್ಯದ ಕೊರತೆಯನ್ನೂ ಜೊತೆಗೆ ಉಲ್ಲೇಖಿಸಿದರು. ಆ ಎರಡನೆಯ ಮಾತೇ ಬೆಳೆದು, ತಾಯಿಯ ಎದೆ ತಣ್ಣಗಿದ್ದುದರಿಂದಲೇ ಮಗು ಹೀಗಾಯಿತೆಂಬ ವಾದವಾಯಿತು. ಬ್ರೂನೋ ಬೆಟಲ್‌ಹೈಮ್ ಅವರ 1967ರ ಗ್ರಂಥವು ಅದಕ್ಕೆ ವಿಶೇಷ ಪ್ರಚಾರವನ್ನಿತ್ತಿತು. ಸ್ವತಃ ಇಂತಹ ಮಗುವಿನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್ ಅವರು 1964ರಲ್ಲಿಯೇ ಈ ವಾದವನ್ನು ಖಂಡಿಸಿ, ಕಾರಣವನ್ನು ದೇಹದಲ್ಲಿ ಅರಸಬೇಕೆಂದು ಸಾಧಿಸಿದ್ದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೇಲ್ ರಟರ್ ಅವರು ಬ್ರಿಟನ್ನಿನ 21 ಅವಳಿಜೋಡಿಗಳನ್ನು ಪರೀಕ್ಷಿಸಿದರು. ಏಕರೂಪದ 11 ಜೋಡಿಗಳ ಪೈಕಿ ನಾಲ್ಕರಲ್ಲಿ ಇಬ್ಬರಿಗೂ ಸ್ವಲೀನತೆಯಿತ್ತು. ಭಿನ್ನರೂಪದ 10 ಜೋಡಿಗಳಲ್ಲಿ ಒಂದರಲ್ಲಿಯೂ ಇಬ್ಬರಿಗಿರಲಿಲ್ಲ. ಅವಳಿಗಳಿಗೆ ಮನೆ ಒಂದೇ, ತಾಯಿ ಒಬ್ಬಳೇ. ವಂಶವಾಹಿಗಳ ಪಾತ್ರವು ಅಲ್ಲಿ ಮೊದಲ ಬಾರಿಗೆ ಸ್ಪಷ್ಟವಾಯಿತು.

ಈ ವಂಶವಾಹಿಗಳ ವಿಚಾರವನ್ನು ನಾನು ತಾಳೆಯೋಲೆಯ ದೃಷ್ಟಾಂತದಿಂದ ಗ್ರಹಿಸಿದ್ದೇನೆ. ಲಿಪಿಕಾರನು ಪ್ರತಿಯನ್ನು ಮಾಡುವಾಗ ಹಳೆಯ ಪಾಠಾಂತರಗಳು ಹಾಗೆಯೇ ಇಳಿದುಬರುತ್ತವೆ. ಎಲ್ಲೋ ಒಂದೆಡೆ ಮೂಲದಲ್ಲಿಲ್ಲದ ಅಕ್ಷರವೂ ಹೊಸದಾಗಿ ಮೂಡುತ್ತದೆ. ಇಲ್ಲಿಯೂ ಹಾಗೆಯೇ. ಎಲ್ಲ ಮನೆತನಗಳಲ್ಲಿಯೂ ಹರಡಿಕೊಂಡಿರುವ ಅಸಂಖ್ಯ ಸೂಕ್ಷ್ಮ ಭೇದಗಳು ಒಂದೆಡೆ ಕೂಡಿಬರುವುದು ಒಂದು ಬಗೆ. ತಂದೆತಾಯಿಗಳಿಬ್ಬರಲ್ಲಿಯೂ ಇಲ್ಲದ ಮಾರ್ಪಾಡು ಮಗುವಿನಲ್ಲಿ ಹೊಸದಾಗಿ ತೋರುವುದು ಇನ್ನೊಂದು ಬಗೆ. ಐದು ದೇಶಗಳ 20 ಲಕ್ಷ ಮಕ್ಕಳನ್ನು ಒಳಗೊಂಡ 2019ರ ಅಧ್ಯಯನವು, ಜನಸಮೂಹದಲ್ಲಿ ಕಾಣುವ ವ್ಯತ್ಯಾಸದ ಶೇಕಡ 80ರಷ್ಟು ಭಾಗ ಆನುವಂಶಿಕವೆಂದು ಗಣಿಸಿತು. 35,000ಕ್ಕೂ ಮಿಕ್ಕ ಜನರ ಮಾದರಿಗಳನ್ನು ಪರಿಶೀಲಿಸಿದ 2020ರ ಅಧ್ಯಯನವು 102 ವಂಶವಾಹಿಗಳನ್ನು ಹೆಸರಿಸಿತು. ಇದು ಒಂದು ಬೀಜದಿಂದ ಮೊಳೆತ ಒಂದು ರೋಗವಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಹಾಗಾದರೆ ತಾಯಿಗೆ ಉತ್ತರವೇನು? ತಪ್ಪು ಆಕೆಯದಲ್ಲ, ಪೂರ್ವಜನ್ಮದ್ದೂ ಅಲ್ಲ, ಕುಲದ್ದೂ ಅಲ್ಲ. ಆದರೆ 'ವಂಶವಾಹಿ' ಎಂಬ ಮಾತನ್ನು ಕೇಳಿದೊಡನೆ ನಮ್ಮ ಜನರು ವಂಶಕ್ಕೇ ಕಳಂಕವನ್ನು ಹಚ್ಚಿ, ಅಕ್ಕತಂಗಿಯರ ವಿವಾಹಸಂಬಂಧಗಳನ್ನು ಹಿಂದೆಗೆಯುವರೆಂಬ ಭಯ ನನಗಿದೆ. ಕಾರಣವನ್ನು ಅರಿಯುವುದು ಬೇರೆ, ಕಳಂಕವನ್ನು ಹೊರಿಸುವುದು ಬೇರೆ. ಜನನಸೂತಕ, ಜಾತಿಸೂತಕಗಳನ್ನೇ ನಿರಾಕರಿಸಿದ ಶರಣರ ಮಾರ್ಗದಲ್ಲಿ ನಡೆಯುವೆವೆನ್ನುವ ನಾವು, ಹುಟ್ಟಿನಿಂದ ಬಂದ ಭಿನ್ನತೆಯೊಂದಕ್ಕೆ ಹೊಸ ಸೂತಕವನ್ನು ಕಲ್ಪಿಸುವುದು ಸರ್ವಥಾ ಸಲ್ಲದು.

ಇನ್ನು ನಿವಾರಣೆಯ ಪ್ರಶ್ನೆ. ಇಲ್ಲಿ ಎರಡು ಪಕ್ಷಗಳುಂಟು. ಮೊದಲನೆಯದು ಬಳಲಿದ ತಂದೆತಾಯಿಗಳ ಪಕ್ಷ. ಮಾತೇ ಬಾರದ, ತಲೆಯನ್ನು ಗೋಡೆಗೆ ಬಡಿದುಕೊಳ್ಳುವ, ರಾತ್ರಿಯಿಡೀ ನಿದ್ರಿಸದ ಮಗನಿಗೆ ತಮ್ಮ ತರುವಾಯ ಯಾರು ದಿಕ್ಕೆಂದು ಅವರು ಕೇಳುತ್ತಾರೆ, ಗುಣವಾಗಲೆಂದು ಹಂಬಲಿಸುತ್ತಾರೆ. ಅವರನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ. ಎರಡನೆಯದು ಸ್ವಲೀನತೆಯುಳ್ಳವರೇ ಮುಂದಿಟ್ಟ ಪಕ್ಷ. ಅವರಲ್ಲೊಬ್ಬರಾದ ಜಿಮ್ ಸಿಂಕ್ಲೇರ್ ಅವರು 1993ರಲ್ಲಿ ಕೆನಡಾದ ಟೊರಾಂಟೊ ನಗರದ ಸಮ್ಮೇಳನದಲ್ಲಿ, ನಮಗಾಗಿ ಶೋಕಿಸಬೇಡಿರೆಂದು ಪೋಷಕರನ್ನು ಪ್ರಾರ್ಥಿಸಿದರು. ಸ್ವಲೀನತೆಯು ವ್ಯಕ್ತಿಯ ಮೇಲೆ ಹೊದಿಸಿದ ಹೊದಿಕೆಯಲ್ಲ, ಅದನ್ನು ತೆಗೆದರೆ ಒಳಗೆ ಬೇರೊಂದು ಮಗು ದೊರೆಯದೆಂಬುದು ಅವರ ವಾದದ ಸಾರ. ಅಮೆರಿಕೆಯಲ್ಲಿ 2005ರಲ್ಲಿ ಸ್ಥಾಪಿತವಾದ 'ಆಟಿಸಂ ಸ್ಪೀಕ್ಸ್' ಎಂಬ ದೊಡ್ಡ ಸಂಸ್ಥೆಯು 2016ರಲ್ಲಿ ತನ್ನ ಧ್ಯೇಯವಾಕ್ಯದಿಂದ 'ಗುಣಪಡಿಸುವಿಕೆ'ಯ ಮಾತನ್ನು ಕೈಬಿಟ್ಟಿತು. ಬ್ರಿಟನ್ನಿನಲ್ಲಿ ಇಂತಹ 10,000 ಜನರ ವಂಶವಾಹಿಗಳನ್ನು ಸಂಗ್ರಹಿಸಲು 2021ರಲ್ಲಿ ಹೊರಟ ಯೋಜನೆಯು ಅವರದೇ ಪ್ರತಿಭಟನೆಯಿಂದ ಅದೇ ವರ್ಷ ತಡೆದು ನಿಂತಿತು. ಇಂದು ಸಂಗ್ರಹಿಸಿದ ಜ್ಞಾನವು ನಾಳೆ ಗರ್ಭದಲ್ಲಿಯೇ ಆಯ್ದು ತೆಗೆಯುವ ಪರೀಕ್ಷೆಯಾದೀತೆಂಬುದು ಅವರ ಅಳುಕು. ಹೆಣ್ಣುಭ್ರೂಣಗಳನ್ನು ಉಳಿಸಲು 1994ರಲ್ಲಿ ಕಾಯಿದೆಯನ್ನೇ ಮಾಡಬೇಕಾಗಿ ಬಂದ ದೇಶದವರಾದ ನಮಗೆ ಆ ಅಳುಕು ನಿರಾಧಾರವೆನಿಸಲಾರದು.

ನನ್ನ ಅಭಿಪ್ರಾಯವಿಷ್ಟು. ಬಾಧೆಯನ್ನು ನೀಗಬೇಕು, ಬಗೆಯನ್ನು ಅಳಿಸಬೇಕಾಗಿಲ್ಲ. ಕೆಲವರಲ್ಲಿ ಜೊತೆಗೂಡಿ ಬರುವ ಅಪಸ್ಮಾರ, ನಿದ್ರಾಹೀನತೆ, ಸ್ವಯಂಘಾತಗಳಿಗೆ ಚಿಕಿತ್ಸೆ ನಡೆಯಲಿ. ಅದಕ್ಕೆ ನೆರವಾಗುವ ವಂಶವಾಹಿ ಸಂಶೋಧನೆಯೂ ನಡೆಯಲಿ. ಮಾತು ಬಾರದವನಿಗೆ ಚಿತ್ರದಿಂದಲೋ ಬರಹದಿಂದಲೋ ತನ್ನ ಬೇಡಿಕೆಯನ್ನು ತಿಳಿಸುವ ದಾರಿ ದೊರೆಯಲಿ. ಆದರೆ ಕೈಯಾಡಿಸುವವನನ್ನು, ಕಣ್ಣು ತಪ್ಪಿಸುವವನನ್ನು, ಕೇಳಿದ್ದನ್ನೇ ಮರುನುಡಿಯುವವನನ್ನು ನಮ್ಮಂತೆ ತಿದ್ದುವುದೇ ಚಿಕಿತ್ಸೆಯೆಂದು ಭ್ರಮಿಸಬಾರದು. ಒಳ್ಳೆಯ ಸಂಪಾದಕನು ಪ್ರತಿಯೊಂದು ಪಾಠಾಂತರವನ್ನೂ ದೋಷವೆಂದು ಹೆರೆದು ಹಾಕುವುದಿಲ್ಲ. ಕಾಂಡಕೋಶಗಳಿಂದ ಗುಣಪಡಿಸುವೆವೆಂದು ಲಕ್ಷಗಟ್ಟಲೆ ಹಣವನ್ನು ಸೆಳೆಯುವವರ ವಿಷಯದಲ್ಲಿ ಪೋಷಕರು ಎಚ್ಚರದಿಂದಿರಬೇಕು. ಅದರಿಂದ ಸ್ವಲೀನತೆಗೆ ಪ್ರಯೋಜನವುಂಟೆಂಬುದು ಸಿದ್ಧಪಟ್ಟಿಲ್ಲ.

ಕೊನೆಯದಾಗಿ ನಮ್ಮ ಸಂಸ್ಥೆಯ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸ್ವಲೀನತೆಯನ್ನು ತನ್ನ ಪಟ್ಟಿಯಲ್ಲಿ ಸೇರಿಸಿದೆ. ಮಾನ್ಯತೆ ಪಡೆದ ಶಾಲೆಗಳು ಇಂತಹ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕೆಂದು ವಿಧಿಸಿದೆ. ಆದರೆ ಹಸಿದು ಬಂದವರ ಜಾತಿಯನ್ನು ಕೇಳದೆ ಅನ್ನವಿಕ್ಕುವ ಮಠದ ಆಶ್ರಯದಲ್ಲಿರುವ ಶಾಲೆಯು ಕಾಯಿದೆಯ ಭಯದಿಂದ ಈ ಕಾರ್ಯವನ್ನು ಮಾಡಬೇಕಾಗಿಲ್ಲ. ಅನ್ನದಾಸೋಹದಂತೆ ಅಕ್ಷರದಾಸೋಹಕ್ಕೂ ಪಂಕ್ತಿಭೇದವಿರಕೂಡದು. ದಾನಿಗಳಲ್ಲಿ ನನ್ನ ವಿನಂತಿಯೆಂದರೆ, ಮುಂದಿನ ಕೊಠಡಿಯ ಶಿಲಾಫಲಕಕ್ಕೆ ಮುನ್ನ, ವಿಶೇಷ ಶಿಕ್ಷಣದಲ್ಲಿ ತರಬೇತಿ ಪಡೆದ ಒಬ್ಬ ಅಧ್ಯಾಪಕರ ವೇತನವನ್ನು ತಾವು ವಹಿಸಿಕೊಳ್ಳಬೇಕು. ಸಹೋದ್ಯೋಗಿಗಳಲ್ಲಿ ವಿನಂತಿಯೆಂದರೆ, ಗಂಟೆಯ ಸದ್ದಿಗೆ ಬೆದರುವ ಮಗುವಿಗೆ ಒಂದು ಸದ್ದಿಲ್ಲದ ಮೂಲೆಯನ್ನು ಬಿಟ್ಟುಕೊಡಬೇಕು. ಮರುನುಡಿಯುವ ಮಗುವಿನ ಮೇಲೆ ನಾನು ಮಾಡಿದಂತೆ ಕೈಯೆತ್ತಬಾರದು. ಹಳೆಯ ವಿದ್ಯಾರ್ಥಿಗಳು ತಮ್ಮ ಊರುಗಳಲ್ಲಿ ಇಂತಹ ಮಕ್ಕಳಿದ್ದರೆ ಪ್ರವೇಶದ ಕಾಲದಲ್ಲಿ ಕರೆತರಲಿ. ತಾಯಂದಿರು ಅಂದಿನ ಪ್ರಶ್ನೆಯನ್ನೇ ಕೇಳಿದರೆ, ತಪ್ಪು ಅವರದಲ್ಲವೆಂದು ಬಾಗಿಲಲ್ಲಿಯೇ ಹೇಳಿ ಒಳಗೆ ಕರೆಯೋಣ.