ಮಿಶನ್ನಿನವರು ಸಾಲಿ ತೆರೆದರು, ಕೇರಿ ಯಾಕೆ ಅಲ್ಲೇ ಉಳೀತು?



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಹಾಸ್ಟೆಲುಗಳಲ್ಲಿ ರಾತ್ರಿ ಊಟ ಆದಮೇಲೆ ಒಂದು ಜಗಳ ನಡೀತದೆ. ಒಬ್ಬ ಅಂತಾನೆ: ‘ಮಿಶನರಿಗಳು ಬರದಿದ್ದರೆ ನಾವು ಇವತ್ತಿಗೂ ಸತ್ತ ದನ ಎಳೀತಿದ್ವಿ.’ ಇನ್ನೊಬ್ಬ, ಊರಾಗಿನ ಯಾರೋ ಕಿವಿಯಲ್ಲಿ ತುಂಬಿದ ಮಾತನ್ನು ಒದರುತ್ತಾನೆ: ‘ಅವರು ಹಾಲಿನಪುಡಿ ಕೊಟ್ಟು ಧರ್ಮ ಕೊಂಡರು.’ ಎರಡೂ ಮಾತಿನಲ್ಲಿ ನಾವು ಬರೇ ಕೈಚಾಚಿ ನಿಂತವರು. ಒಬ್ಬನ ಲೆಕ್ಕದಲ್ಲಿ ಉದ್ಧಾರವಾದವರು, ಇನ್ನೊಬ್ಬನ ಲೆಕ್ಕದಲ್ಲಿ ಮಾರಾಟವಾದವರು. ಎರಡನ್ನೂ ನಾವು ಒಪ್ಪುವುದಿಲ್ಲ.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಇತ್ತ ಘಾನಾದಲ್ಲಿ, ಅತ್ತ ಚೀನಾದಲ್ಲಿ ಅದರ ಕೈ ಚಾಚಿತ್ತು. ಇಷ್ಟಕ್ಕೆಲ್ಲ ರೊಕ್ಕ ಎಲ್ಲಿಂದ? ಸಾಹುಕಾರರ ದಾನ ಇತ್ತು, 1859ರಲ್ಲಿ ಹುಟ್ಟಿದ ವ್ಯಾಪಾರ ಕಂಪನಿ ಇತ್ತು. ಅದರ ಜೊತೆಗೆ 1855ರಿಂದ ಅಲ್ಲಿಯ ಸಾಮಾನ್ಯ ಮಂದಿ ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಬರೀ ಚಿಲ್ಲರೆ ಕಾಸು, ತಪ್ಪದೆ ಎತ್ತಿಟ್ಟು ಕೊಟ್ಟರು. ಈ ಮಾತು ನೆನಪಿಡಿರಿ. ಸಂಘಟನೆಗೆ ವಂತಿಗೆ ಕೇಳಿದರೆ ಚಹಾಕ್ಕೂ ರೊಕ್ಕಿಲ್ಲ ಅನ್ನುವ ನಾವು ನಾಚಬೇಕಾದ ಮಾತಿದು.

1843ರಲ್ಲಿ ಇದೇ ಮಿಶನ್ನಿನ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. 1894ರಲ್ಲಿ ಕಿಟೆಲ್ಲರ ನಿಘಂಟು ಬಂತು. ಹುಬ್ಬಳ್ಳಿ ಧಾರವಾಡದಲ್ಲಿ ಸಾಲಿ, ಬೆಟಗೇರಿಯಲ್ಲಿ ದವಾಖಾನೆ. ಸಭೆಯೊಳಗೆ ಜಾತಿ ತರಬಾರದು ಅಂತ ಗಟ್ಟಿಯಾಗಿ ಹೇಳಿದರು. ಹಾಗೆ ಸೇರಿದವರನ್ನು ಊರು ಹೊರಗಟ್ಟಿತು, ದುಡಿಮೆ ಹೋಯಿತು. ಅವರಿಗೆಂದೇ ನೇಕಾರಿಕೆ ಬಂತು, 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಬಂತು. ಅನ್ನ ಸಿಕ್ಕಿತು. ಮಾಲಿಕತ್ವ ಸಿಗಲಿಲ್ಲ. ಕರಾವಳಿಯಲ್ಲಿ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ನಮ್ಮ ಸೀಮೆಯಲ್ಲಿ ಮಿಶನ್ನಿನ ಮೊದಲ ಆಸೆ ಲಿಂಗಾಯತರ ಮೇಲಿತ್ತು. ಕೇರಿ ಆಮೇಲೆ ಕಣ್ಣಿಗೆ ಬಿತ್ತು.

ಈಗ ‘ಧರ್ಮ ಕೊಂಡರು’ ಅನ್ನುವವರ ಸರದಿ. 1856ರ ಜೂನ್‌ನಲ್ಲಿ ಧಾರವಾಡದ ಸರಕಾರಿ ಸಾಲಿಗೆ ಒಬ್ಬ ಮಹಾರ ಹುಡುಗ ಅರ್ಜಿ ಹಾಕಿದ. ಒಳಗೆ ಬಿಡಲಿಲ್ಲ. ಮುಂಬಯಿ ಸರಕಾರಕ್ಕೆ ಬರೆದ. ಒಬ್ಬನಿಗೋಸ್ಕರ ಸಾಲಿ ಖಾಲಿಯಾದೀತು ಅಂತ ಆ ಸರಕಾರವೂ ಬಾಗಿಲು ಹಾಕಿತು. 1858ರಲ್ಲಿ ಕಂಪನಿಯ ಮೇಲಿನವರು ಸರಕಾರಿ ಸಾಲಿ ಎಲ್ಲರಿಗೂ ತೆರೆದಿರಬೇಕು ಅಂತ ಕಾಗದದ ಮೇಲೆ ಬರೆದರು. ಕಾಗದ ಕಾಗದವೇ ಆಗಿ ಉಳಿಯಿತು. ಈ ಹುಡುಗನ ಕತೆಯನ್ನು ಬಾಬಾಸಾಹೇಬರು ತಮ್ಮ ಬರಹದಲ್ಲಿ ಎತ್ತಿ ಇಟ್ಟಿದ್ದಾರೆ. ಆಗ ನಮ್ಮ ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು ಎಲ್ಲ ಅದೇ ಧಾರವಾಡ ಜಿಲ್ಲೆ. ಅವನು ನಮ್ಮ ಹುಡುಗ! ಅವನಿಗೆ ಬಾಗಿಲು ಹಾಕಿದವರ ಮೊಮ್ಮಕ್ಕಳು ಇವತ್ತು ನಮಗೆ ಧರ್ಮದ ಪಾಠ ಹೇಳ್ತಾರೆ.

ಅಲ್ಲದೆ ಧರ್ಮ ಬದಲಿಸುವುದು ಈ ನೆಲಕ್ಕೇನು ಹೊಸದೇ? ಹಿರೇಕೆರೂರು ತಾಲೂಕಿನ ಅಬಲೂರಿಗೆ ಹೋಗಿರಿ. ಏಕಾಂತದ ರಾಮಯ್ಯ ತಲೆ ಕೊಯ್ದುಕೊಂಡು ಜೈನರನ್ನು ಗೆದ್ದ ಕತೆ ಅಲ್ಲಿ ಕಲ್ಲಿನಲ್ಲೇ ಕೆತ್ತಿದೆ. ಅದು ಭಕ್ತಿ. ಹೊಲೆಯ ಮಾದಿಗ ದೇವರನ್ನು ಬದಲಿಸಿದರೆ ಮಾತ್ರ ಆಮಿಷ!

2022ರ ಮತಾಂತರ ಕಾನೂನನ್ನು ಓದಿರಿ. ಬೇರೆಯವರನ್ನು ಮತಾಂತರಿಸಿದರೆ ಐದು ವರ್ಷದವರೆಗೆ ಜೈಲು. ಅಪ್ರಾಪ್ತರು, ಬುದ್ಧಿ ಸ್ವಾಧೀನ ಇಲ್ಲದವರು, ಹೆಂಗಸರು, ಪರಿಶಿಷ್ಟರಾದರೆ ಹತ್ತು ವರ್ಷದವರೆಗೆ. ಎಂ.ಎ. ಓದಿದ ನಮ್ಮ ಗೆಳೆಯ ಯಾರ ಸಾಲಿನಲ್ಲಿ ಕೂತ ನೋಡಿರಿ! ರದ್ದು ಮಾಡುತ್ತೇವೆಂದು 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿತು. ಸಂಪುಟದ ತೀರ್ಮಾನವನ್ನು ಓಣಿಯಲ್ಲಿ ಹಾಸಿ ಮಲಗಲು ಬರುವುದಿಲ್ಲ.

ಇನ್ನು ಸಭೆಯವರಿಗೂ ಎರಡು ಮಾತು. ನಮ್ಮ ಜೊತೆಗಿದ್ದ ಹುಡುಗನೊಬ್ಬ ರವಿವಾರ ಒಂದು ಹೆಸರಿನಿಂದ ಪ್ರಾರ್ಥನೆಗೆ ಹೋಗಿ, ಸೋಮವಾರ ಇನ್ನೊಂದು ಹೆಸರಿನಿಂದ ಸ್ಕಾಲರ್‌ಶಿಪ್ ಅರ್ಜಿ ತುಂಬುತ್ತಿದ್ದ. ಕಳ್ಳತನ ಅಂದರು. ಕಳ್ಳತನ ಯಾರದು? 1950ರ ಆದೇಶ ಪರಿಶಿಷ್ಟ ಜಾತಿಯನ್ನು ಹಿಂದೂಗಳಿಗೆ ಕಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಿಚ್ಚಿದರು. ಕ್ರಿಸ್ತನ ಕಡೆಗೆ ಹೋದ ದಲಿತನಿಗೆ ಇವತ್ತಿಗೂ ಇಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯ ಆಸರೆಯೂ ಇಲ್ಲ. ರಾಜ್ಯದಲ್ಲಿ ಪ್ರವರ್ಗ-1ರ ತುಣುಕು ಅಷ್ಟೆ. 2022ರಲ್ಲಿ ಬಾಲಕೃಷ್ಣನ್ ಆಯೋಗ ಕೂಡಿಸಿ ಅವಧಿ ಬೆಳೆಸುತ್ತಾ ಬಂದರು. ಧರ್ಮ ಬಿಟ್ಟರೂ ಊರವರು ಜಾತಿ ಬಿಡಲಿಲ್ಲ, ಸರಕಾರ ಮಾತ್ರ ಹಕ್ಕು ಬಿಡಿಸಿತು. ಇದಕ್ಕೆ ಸಭೆಯ ದೊಡ್ಡವರು ಬೀದಿಗೆ ಇಳಿದು ಎಷ್ಟು ಸಲ ಕೂಗಿದ್ದಾರೆ? ಮಿಶನ್ನಿನ ಸಾಲಿ ದವಾಖಾನೆಗಳ ಲಾಭ ಮೇಲ್ಜಾತಿಯವರಿಗೇ ಹೆಚ್ಚು ಹೋಯಿತು ಅಂತ ಬಾಬಾಸಾಹೇಬರು ಅಂದೇ ಬರೆದರು. ಉತ್ತರ ಬಂದಿಲ್ಲ.

ಹೊರಗಿನವರ ಜಾಲಕ್ಕೆ ಜೋತುಬಿದ್ದರೆ ಏನಾಗತದೆ ಅಂತಲೂ ಇತಿಹಾಸ ತೋರಿಸಿದೆ. 1914ರಲ್ಲಿ ಯುದ್ಧ ಬಂತು. ಜರ್ಮನರೆಂದು ಮಿಶನರಿಗಳನ್ನು ಹಿಡಿದಿಟ್ಟರು, ಸಾಗಹಾಕಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಹಂಚು ಸುಟ್ಟವರನ್ನು ಯಾರು ಕೇಳಿದರು? ಯುರೋಪಿನಲ್ಲಿ ಗುಂಡು ಹಾರಿದರೆ ಇಲ್ಲಿ ನಮ್ಮ ಒಲೆ ಆರುವ ವ್ಯವಸ್ಥೆ ಅದು.

2010ರ ಜುಲೈಯಲ್ಲಿ ಸವಣೂರಿನ ಭಂಗಿ ಬಂಧುಗಳು ತಮ್ಮನ್ನು ಗುಡಿಸಲಿನಿಂದ ಎಬ್ಬಿಸುವುದರ ವಿರುದ್ಧ ಪುರಸಭೆಯ ಮುಂದೆ ಮೈಮೇಲೆ ಮಲ ಸುರುವಿಕೊಂಡರು. ಮಠ ಇದ್ದ ಊರದು, ಮಸೀದಿ ಇದ್ದ ಊರದು, ನವಾಬರು ಆಳಿದ ಊರದು. ಆ ದಿನದ ತನಕ ಯಾವ ಧರ್ಮದ ಯಾವ ಜಾಲ ಆ ಮನೆಗಳ ನಳ ನೋಡಿತ್ತು?

ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿರಿ. ನಿಮ್ಮ ತಾಲೂಕಿನಲ್ಲಿ ಮಿಶನ್ನಿನ ಸಾಲಿ ಇದ್ದರೆ ಅಲ್ಲಿ, ಮಠದ ಸಾಲಿ ಇದ್ದರೆ ಅಲ್ಲಿ, ಕೇರಿಯ ಮಕ್ಕಳು ಎಷ್ಟು, ಫೀ ಎಷ್ಟು, ಕಮಿಟಿಯಲ್ಲಿ ನಮ್ಮವರು ಎಷ್ಟು ಅಂತ ಎಣಿಸಿ ಬರೆದುಕೊಂಡು ಬರ್ರಿ. ಮುಂದಿನ ಸಭೆಯಲ್ಲಿ ಎರಡೂ ಪಟ್ಟಿ ಒಟ್ಟಿಗೆ ಓದೋಣ.