ಪಶುವೈದ್ಯರ ಮಂಡಲಿಯಲ್ಲಿ ಹೊರಗಿನವರಿಗೇನು ಕೆಲಸ?

ಪ್ರಯೋಗಶಾಲೆಯ ತಕ್ಕಡಿ ಸರಿಯಾಗಿದೆಯೇ ಎಂದು ತಿಳಿಯಬೇಕಾದರೆ ಹೊರಗಿನಿಂದ ತಂದ ಪ್ರಮಾಣತೂಕವನ್ನು ಅದರ ಮೇಲಿಟ್ಟು ನೋಡಬೇಕು. ತಕ್ಕಡಿಯನ್ನೇ ಕೇಳಿ ಪ್ರಯೋಜನವಿಲ್ಲ. ವೃತ್ತಿಗಳನ್ನು ನಿಯಂತ್ರಿಸುವ ಸಂಸ್ಥೆಗಳಿಗೂ ಈ ಮಾತು ಸಲ್ಲುತ್ತದೆಂದು ನಾವು ನಂಬುತ್ತೇವೆ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ವೆಟರಿನರಿ ಸರ್ಜನ್ಸ್ ಸಂಸ್ಥೆಯನ್ನು ನೋಡೋಣ. 1844ರಲ್ಲಿ ರಾಜಸನ್ನದು ಪಡೆದ ಈ ಸಂಸ್ಥೆ, ಹೆಸರಿನಲ್ಲಿ ಕಾಲೇಜಾದರೂ, ವಾಚಕರು ಬಲ್ಲಂಥ ಕಾಲೇಜಲ್ಲ. ಪಶುವೈದ್ಯರ ಹೆಸರುಗಳನ್ನು ನೋಂದಾಯಿಸುವುದೂ ಅವರ ನಡತೆಗೆ ನಿಯಮಗಳನ್ನು ರಚಿಸುವುದೂ ಅದರ ಹೊಣೆ. 2018ರ ಸುಧಾರಣೆಯ ಆಜ್ಞೆಯು ಅದರ 42 ಮಂದಿಯ ಆಡಳಿತಮಂಡಲಿಯನ್ನು 24ಕ್ಕೆ ಇಳಿಸಲು ವಿಧಿಸಿತು. ಅವರಲ್ಲಿ 13 ಮಂದಿ ಪಶುವೈದ್ಯರೇ ಚುನಾಯಿಸಿದ ಪಶುವೈದ್ಯರು. 3 ಮಂದಿ ಪಶುವೈದ್ಯ ವಿದ್ಯಾಲಯಗಳ ಪರವಾಗಿ ಬಂದವರು. 2 ಮಂದಿ ಪಶುದಾದಿಯರು. ಉಳಿದ 6 ಮಂದಿ ಮಾತ್ರ ವೃತ್ತಿಗೆ ಸೇರದ ಸಾಮಾನ್ಯರು.

ಅರಿವಳಿಕೆ ಮದ್ದಿನ ಪ್ರಮಾಣವನ್ನೇ ಅರಿಯದವರಿಗೆ ಅಲ್ಲೇನು ಕೆಲಸವೆಂದು ಕೇಳುವವರುಂಟು. ಮದ್ದಿನ ಪ್ರಮಾಣವನ್ನು ಮಂಡಲಿಯು ಮತಕ್ಕೆ ಹಾಕುವುದಿಲ್ಲವಷ್ಟೆ! ಇಲ್ಲಿ ರೋಗಿ ಮೂಕಪ್ರಾಣಿ. ಅದರ ಪರವಾಗಿ ಒಪ್ಪಿಗೆ ಕೊಡುವವನೂ ಹಣ ತೆರುವವನೂ ಒಡೆಯ. ಆ ದೇಶದಲ್ಲಿ ಮನುಷ್ಯರ ಚಿಕಿತ್ಸೆಗೆ ತೆರಿಗೆಯ ಹಣದಿಂದ ನಡೆಯುವ ರಾಷ್ಟ್ರೀಯ ಆರೋಗ್ಯಸೇವೆ ಇದೆ; ನಾಯಿಗಾಗಲಿ ಹಸುವಿಗಾಗಲಿ ಅಂಥದಿಲ್ಲ. ಮುದಿ ನಾಯಿಗೆ ದುಬಾರಿ ಶಸ್ತ್ರಚಿಕಿತ್ಸೆ ಮಾಡಿಸುವುದೋ, ನೋವಿಲ್ಲದ ಮರಣ ಕೊಡಿಸುವುದೋ ಎಂದು ಒಡೆಯನು ತೊಳಲುವಾಗ, ಯಾವ ಯಾವ ಮಾರ್ಗಗಳನ್ನು ಅವನಿಗೆ ತಿಳಿಸಬೇಕು, ವೆಚ್ಚವನ್ನು ಯಾವಾಗ ಹೇಳಬೇಕು? ಮೇಜಿನ ಈಚೆ ಬದಿಯಲ್ಲಿ ನಿಂತವರಿಗೇ ಇದರ ಕಷ್ಟ ಚೆನ್ನಾಗಿ ಗೊತ್ತು.

ಮನುಷ್ಯವೈದ್ಯರನ್ನು ನಿಯಂತ್ರಿಸುವ ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ 2013ರಲ್ಲಿ 12 ಮಂದಿಯ ಮಂಡಲಿಯಾದಾಗ, ವೈದ್ಯರು 6, ಸಾಮಾನ್ಯರು 6 ಎಂದು ಸಮಪಾಲು ಮಾಡಿಕೊಂಡಿತು. ಅದರಿಂದ ವೈದ್ಯಶಾಸ್ತ್ರವೇನೂ ಕೆಡಲಿಲ್ಲ. ಪಶುವೈದ್ಯರಿಗೂ ಈ ಸಮಪಾಲೇ ತಕ್ಕುದೆಂದು ನಮ್ಮ ಮತ. 24ರಲ್ಲಿ 6 ಮಂದಿ ಒಕ್ಕೊರಲಿನಿಂದ ನುಡಿದರೂ ಚುನಾಯಿತರು ಒಂದಾದರೆ ಅದು ಬಿದ್ದುಹೋಗುವ ಮಾತೇ.

ನೋಂದಣಿಯ ಶುಲ್ಕದಿಂದ ಸಂಸ್ಥೆಯನ್ನು ಸಾಕುವವರು ತಾವು, ಬಹುಮತವೂ ತಮ್ಮದಾಗಿರಬೇಕು ಎಂದು ಪಶುವೈದ್ಯರು ವಾದಿಸಬಹುದು. ನ್ಯಾಯವಾದ ಮಾತಿನಂತೆ ತೋರುತ್ತದೆ. ಆದರೆ ಆ ಶುಲ್ಕದ ಹಣವಾದರೂ ಅವರಿಗೆ ಬಂದದ್ದು ಬಹುಪಾಲು ನಾಯಿಯ ಒಡತಿಯ, ದನದ ರೈತನ ಕೈಚೀಲದಿಂದಲೇ ಅಲ್ಲವೆ?